ಚಾಕೊಲೇಟ್ ತಿಂದರೆ ಮೆದುಳಿಗೆ ರಕ್ತ ಜಾಸ್ತಿ ಹೋಗುತ್ತಾ ಡಾಕ್ಟ್ರೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮಸ್ಕಾರ ಡಾಕ್ಟ್ರೇ. ನಮ್ಮ ತಂದೆಗೆ 68 ವರ್ಷ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಚಾಕೊಲೇಟ್ ತಿಂದರೆ ಮೆದುಳಿಗೆ ರಕ್ತ ಚೆನ್ನಾಗಿ ಹೋಗುತ್ತದೆ ಅಂತ ವಾಟ್ಸಾಪಲ್ಲಿ ಓದಿ, ಮೊಮ್ಮಕ್ಕಳ ಡಬ್ಬಿಗೇ ಕೈ ಹಾಕುತ್ತಿದ್ದಾರೆ. ಕೇಳಿದರೆ "ಇದು ಔಷಧಿ ಕಣೋ" ಅನ್ನುತ್ತಾರೆ. ನಿಜಾನಾ?

ಡಾಕ್ಟರ್: ಯಜಮಾನರು ಓದಿದ್ದು ಪೂರ್ತಿ ಸುಳ್ಳಲ್ಲ. ಆದರೆ ಕೆಲಸ ಮಾಡುವುದು ಕೋಕೋದಲ್ಲಿರುವ ಫ್ಲಾವನಾಲ್ ಎಂಬ ಪದಾರ್ಥ. ಅದರಿಂದ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ, ನಾಳ ಸಡಿಲವಾಗಿ ಸ್ವಲ್ಪ ಅಗಲವಾಗುತ್ತದೆ. 2006ರಲ್ಲಿ ಆರೋಗ್ಯವಂತ ಯುವತಿಯರಿಗೆ ಫ್ಲಾವನಾಲ್ ಹೆಚ್ಚಿರುವ ಕೋಕೋ ಕುಡಿಸಿ ಎಂಆರ್‌ಐ ಮಾಡಿದ್ದರು. ಕುಡಿದ ಸುಮಾರು 2 ಗಂಟೆಗೆ ಮೆದುಳಿನ ರಕ್ತ ಹರಿವು ಹೆಚ್ಚಿದ್ದು ಕಂಡಿತ್ತು.

ಅದು ಬೇಕೆಂದೇ ತಯಾರಿಸಿದ ಕೋಕೋ. ಅಂಗಡಿಯ ಮಿಲ್ಕ್ ಚಾಕೊಲೇಟಿನ ಕವರ್ ತಿರುಗಿಸಿ ನೋಡಿ, ಸಾಮಾನ್ಯವಾಗಿ ಮೊದಲು ಬರುವುದು ಸಕ್ಕರೆ. ಬೀಜ ಹುಳಿಸಿ, ಹುರಿದು, ಕಹಿ ತಗ್ಗಿಸಲು ಕ್ಷಾರ ಸೇರಿಸುವಷ್ಟರಲ್ಲಿ ಫ್ಲಾವನಾಲ್ ಬಹಳಷ್ಟು ಹೋಗಿರುತ್ತದೆ. ಕ್ಷಾರ ಹಾಕಿದ ಕೋಕೋ ಇನ್ನೂ ಕಪ್ಪಗಾಗುತ್ತದೆ, ಹಾಗಾಗಿ ಬಣ್ಣ ನೋಡಿ ನಂಬಬೇಡಿ. ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲಾವನಾಲ್‌ನ ಪ್ರಯೋಗ ನಡೆಯಿತು. 2022ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿಗಳ ಒಟ್ಟು ಲೆಕ್ಕ ಗಮನಾರ್ಹವಾಗಿ ಇಳಿಯಲಿಲ್ಲ. ಅದೂ ಕ್ಯಾಪ್ಸೂಲ್, ಸಕ್ಕರೆ ಚಾಕೊಲೇಟ್ ಅಲ್ಲ. ಶುಗರ್ ಇರುವವರಿಗೆ ನಾನಂತೂ ಔಷಧಿ ಅಂತ ಕೊಡಲ್ಲ.

ಇನ್ನೊಬ್ಬರು: ಸರ್, ಮಗಳಿಗೆ ಪಿಯುಸಿ ಪರೀಕ್ಷೆ. ಬೆಳಿಗ್ಗೆ ಒಂದು ತುಂಡು ಕೊಡಲೇ?

ಡಾಕ್ಟರ್: ಇಷ್ಟವಾದರೆ ಕೊಡಿ, ಮಾರ್ಕ್ಸ್‌ಗೆ ಅಂತ ಬೇಡ. ತಿಂಡಿ ತಪ್ಪಿಸದಿದ್ದರೆ ಸಾಕು.

ಮೊದಲು ಕೇಳಿದವರು: ಡಾಕ್ಟ್ರೇ, ಇನ್ನೊಂದು ವಿಷಯ. ಹೋದ ವಾರ ಅಪ್ಪನ ಮಾತು ಹತ್ತು ನಿಮಿಷ ತೊದಲಿತ್ತು. ಚಾಕೊಲೇಟ್ ತಿಂದ ಮೇಲೆ ಸರಿಹೋಯಿತು. ಅದಕ್ಕೇ ಅವರಿಗೆ ಅಷ್ಟು ನಂಬಿಕೆ.

ಡಾಕ್ಟರ್: ಇದನ್ನು ಮೊದಲೇ ಹೇಳಬೇಕಿತ್ತಲ್ವಾ! ಎರಡು ಸಾಧ್ಯತೆ ಇದೆ. ಮೆದುಳಿನ ರಕ್ತನಾಳ ಸ್ವಲ್ಪ ಹೊತ್ತು ಕಟ್ಟಿ ತಾನೇ ಬಿಟ್ಟಿರಬಹುದು. ಅದು ಪಾರ್ಶ್ವವಾಯುವಿನ ಮುನ್ಸೂಚನೆ, ಮುಂದಿನ ಕೆಲವು ದಿನ ಅಪಾಯ ಜಾಸ್ತಿ. ಇಲ್ಲವೇ ಮಾತ್ರೆಯಿಂದ ಶುಗರ್ ತೀರಾ ಇಳಿದಿರಬಹುದು, ಸಿಹಿ ತಿಂದಿದ್ದಕ್ಕೆ ಸರಿಹೋಗಿರಬಹುದು. ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಾತ್ರೆ ಚೀಟಿ ಜೊತೆಗಿರಲಿ.

ಮತ್ತೆ ಹಾಗಾದರೆ ಮೊದಲು ಗ್ಲುಕೋಮೀಟರಲ್ಲಿ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಾಗಿದ್ದು ಸರಿಯಾಗಿ ನುಂಗುತ್ತಿದ್ದರೆ ಸಕ್ಕರೆ ನೀರು ಕೊಡಿ. ಚಾಕೊಲೇಟಿನ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಶುಗರ್ ಸರಿಯಿದ್ದೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಎಷ್ಟು ಗಂಟೆಗೆ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ, ಅಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ.