ಡಿಜಿಟಲ್ ಟ್ವಿನ್ ಲ್ಯಾಬ್: 40 ಡಿಗ್ರಿ ದಾಟಿದ ಮೇಲೆ ಮಾಡೆಲ್ ಒಂದು ಕಡೆ, ನೀರು ಒಂದು ಕಡೆ

ಉಷ್ಣ_ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಆರನೇ ಸೆಮಿಸ್ಟರ್‌ನವರಿಗೆ ಡಿಜಿಟಲ್ ಟ್ವಿನ್ (ನಿಜವಾದ ವಸ್ತುವಿನ ಜೊತೆಗೇ ಕಂಪ್ಯೂಟರಿನಲ್ಲಿ ಓಡುವ ಅದರ ಪ್ರತಿರೂಪ) ಪಾಠ ಮಾಡುತ್ತಿದ್ದೇನೆ. ದುಬಾರಿ ಸಾಫ್ಟ್‌ವೇರ್ ನಮ್ಮಲ್ಲಿಲ್ಲ. ಸ್ಟೀಲ್ ಪಾತ್ರೆಯಲ್ಲಿ 10 ಲೀಟರ್ ನೀರು, ಅದನ್ನು ಕಾಯಿಸಲು 1000 ವ್ಯಾಟ್ ಕಾಯಿಲ್, ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರ್, ಅದನ್ನು ಓದುವ ಇಎಸ್‌ಪಿ32 ಎಂಬ ಚಿಕ್ಕ ಕಂಟ್ರೋಲರ್ ಬೋರ್ಡ್, ಕಾಯಿಲ್ ಆನ್-ಆಫ್ ಮಾಡುವ ಒಂದು ರಿಲೇ, ಇಷ್ಟೇ ಸೆಟಪ್. ರೀಡಿಂಗ್ ಎಂಕ್ಯುಟಿಟಿ (ಸಾಧನಗಳು ನೆಟ್‌ವರ್ಕಿನಲ್ಲಿ ಸಂದೇಶ ಕಳಿಸುವ ವಿಧಾನ) ಮೂಲಕ ಕಂಪ್ಯೂಟರ್‌ಗೆ ಬರುತ್ತದೆ. ಅಲ್ಲಿ ನೀರು ಎಷ್ಟು ಬಿಸಿಯಾಗಬೇಕು ಅಂತ ಲೆಕ್ಕ ಹಾಕುವ ಪೈಥಾನ್ ಮಾಡೆಲ್ ಓಡುತ್ತದೆ, ನೋಡ್-ರೆಡ್ ಎಂಬ ಸಾಫ್ಟ್‌ವೇರಿನ ಗ್ರಾಫಿನಲ್ಲಿ ರೀಡಿಂಗ್‌ನದೂ ಮಾಡೆಲ್‌ನದೂ ಎರಡೂ ಗೆರೆ ಕಾಣುತ್ತವೆ.

26 ಡಿಗ್ರಿಯಿಂದ ಶುರು ಮಾಡಿದರೆ 40ರ ತನಕ ಎರಡೂ ಗೆರೆ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂರುತ್ತವೆ. ಆಮೇಲೆ ಮಾಡೆಲ್ ಮೇಲಕ್ಕೆ ಹೋಗುತ್ತದೆ. ನೀರು 60 ಮುಟ್ಟುವಾಗ ಮಾಡೆಲ್ 63, 64 ತೋರಿಸುತ್ತದೆ. ಮಧ್ಯಾಹ್ನದ ಬ್ಯಾಚಿನಲ್ಲಿ ಮೊದಲ ನಿಮಿಷದಿಂದಲೇ ಮಾಡೆಲ್ ಮುಂದೆ. ಇದರ ಜೊತೆಗೆ ಆಗಾಗ ರೀಡಿಂಗ್ ಇದ್ದಕ್ಕಿದ್ದಂತೆ 85ಕ್ಕೆ ಹಾರಿ ವಾಪಸ್ ಬರುತ್ತದೆ.

ಹುಡುಗರು ಮಾಡೆಲ್‌ನ ಉತ್ತರವನ್ನು 0.95ರಿಂದ ಗುಣಿಸಿ "ಸರಿಹೋಯ್ತು ಮೇಡಂ" ಅನ್ನುತ್ತಾರೆ. ಮರುದಿನ ಮತ್ತೆ ತಪ್ಪು. ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು. "ಇದಕ್ಕೂ ಫ್ಯಾಕ್ಟರಿಯ ಸ್ಕಾಡಾ ಸ್ಕ್ರೀನಿಗೂ ಏನು ವ್ಯತ್ಯಾಸ?" ಅಂತ ಒಬ್ಬಳು ಕೇಳಿದಳು. (ಸ್ಕಾಡಾ ಅಂದರೆ ಯಂತ್ರಗಳ ರೀಡಿಂಗ್ ತೋರಿಸಿ, ಅವಕ್ಕೆ ಆಜ್ಞೆ ಕಳಿಸುವ ವ್ಯವಸ್ಥೆ.) ಒಳ್ಳೆಯ ಪ್ರಶ್ನೆ. ಅವಳಿಗೆ ಬಾಯಿಮಾತಿನ ವ್ಯಾಖ್ಯಾನ ಕೊಡೋಕೆ ಮನಸ್ಸಿಲ್ಲ, ಮೇಜಿನ ಮೇಲೇ ತೋರಿಸಬೇಕು.

ಸೋಲ್ಡರ್ ಸಿದ್ದ:
ಮೇಡಂ, 85ರ ವಿಷಯ ನಾನು ಹೇಳ್ತೀನಿ. ಅದು ನೀರಿನ ತಾಪಮಾನವೇ ಅಲ್ಲ. ಡಿಎಸ್18ಬಿ20 ಪವರ್ ಬಂದ ಕೂಡಲೇ ತನ್ನೊಳಗೆ ಇಟ್ಟುಕೊಂಡಿರುವ ಆರಂಭದ ಬೆಲೆಯೇ 85. ಮೊದಲ ಅಳತೆ ಮುಗಿಯುವ ಮುಂಚೆ ಓದಿದರೆ ಅದೇ ಸಿಗುತ್ತದೆ. 12 ಬಿಟ್‌ನಲ್ಲಿ, ಅಂದರೆ ಅದರ ಅತಿ ಸೂಕ್ಷ್ಮ ಅಳತೆಯಲ್ಲಿ, ಒಂದು ಅಳತೆಗೆ 750 ಮಿಲಿಸೆಕೆಂಡ್ ತನಕ ಬೇಕು.

ರಿಲೇ ಟಕ್ ಅಂದಾಗಲೇ 85 ಬರುತ್ತಾ ನೋಡಿ. ಹೌದಾದರೆ ರಿಲೇ ಎಳೆಯುವ ಕರೆಂಟಿಗೆ ಬೋರ್ಡಿನ ಸಪ್ಲೈ ಕುಸಿದು ಸೆನ್ಸರ್ ರೀಸೆಟ್ ಆಗುತ್ತಿದೆ. ರಿಲೇಗೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ, ಡೇಟಾ ವೈರಿಗೆ 4.7 ಕಿಲೋಓಮ್ ಪುಲ್-ಅಪ್ (ಡೇಟಾ ವೈರನ್ನು ಸಪ್ಲೈಗೆ ಜೋಡಿಸುವ ರೆಸಿಸ್ಟರ್) ಇದೆಯಾ ನೋಡಿ. ಕೋಡಿನಲ್ಲಿ 85 ಬಂದರೆ ಬಿಟ್ಟುಬಿಡು ಅಂತ ಸುಮ್ನೆ ಒಂದು ಸಾಲು ಬರೆಸಬೇಡಿ. ಕಾರಣ ಹುಡುಕೋದೂ ಪಾಠವೇ ಅಲ್ವಾ?

ಕಂಟ್ರೋಲ್ ಮೇಷ್ಟ್ರು:
ಮೇಡಂ, ನಿಮ್ಮಲ್ಲಿ ಎರಡು ಬೇರೆಬೇರೆ ರೋಗಗಳಿವೆ. ಒಂದೇ ಗುಣಾಕಾರದಲ್ಲಿ ಎರಡೂ ವಾಸಿಯಾಗೋದಿಲ್ಲ.

ಮೊದಲು ಸರಿಯಿದ್ದು ಆಮೇಲೆ ದೂರವಾದರೆ ಶಾಖ ಹೊರಗೆ ಹೋಗೋದನ್ನು ಮಾಡೆಲ್ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಅರ್ಥ. ನೀರು ತಣ್ಣಗಿದ್ದಾಗ ನಷ್ಟ ಕಡಿಮೆ. ಬಿಸಿಯಾದಷ್ಟೂ ಜಾಸ್ತಿ. ಮೊದಲ ನಿಮಿಷದಿಂದಲೇ ಓರೆಯಾದರೆ ಕಾಯಿಲ್‌ಗೆ ಹೋಗುತ್ತಿರುವ ಪವರ್ ತಪ್ಪು. 1000 ವ್ಯಾಟ್ ಅನ್ನೋದು 230 ವೋಲ್ಟ್ ಇದ್ದಾಗಿನ ಮಾತು. ಪವರ್ ವೋಲ್ಟೇಜಿನ ವರ್ಗದ ಪ್ರಕಾರ ಇಳಿಯುತ್ತದೆ. ಮಧ್ಯಾಹ್ನ ಲ್ಯಾಬಿನಲ್ಲಿ 205 ವೋಲ್ಟ್ ಇದ್ದರೆ ಸಿಗೋದು ಬರೀ 794 ವ್ಯಾಟ್. ಒಂದು ಎನರ್ಜಿ ಮೀಟರ್ ಮಾಡ್ಯೂಲ್ ಹಾಕಿ, ಅಳೆದ ಪವರ್ ಅನ್ನೇ ಮಾಡೆಲ್‌ಗೆ ಕೊಡಿ.

ನಷ್ಟ ತಿಳಿಯೋಕೆ ಕಾಯಿಲ್ ಆಫ್ ಮಾಡಿ, ಮುಚ್ಚಳ ಹಾಕಿ, 60ರಿಂದ ಆರಲು ಬಿಡಿ. ನೀರಿನ ತಾಪಮಾನದಿಂದ ಕೋಣೆಯ ತಾಪಮಾನ ಕಳೆದು, ಅದರ ಲಾಗ್ ತೆಗೆದು ಸಮಯದ ಎದುರು ಗೆರೆ ಎಳೆಸಿ. ಸುಮಾರು ನೇರ ಗೆರೆ ಬರಬೇಕು. ಅದರ ಇಳಿಜಾರಿನಲ್ಲೇ ನಷ್ಟದ ಸಂಖ್ಯೆ ಇದೆ. ಮುಚ್ಚಳ ಇಲ್ಲದಿದ್ದರೆ ನೀರು ಆವಿಯಾಗಿ ಗೆರೆ ಬಾಗುತ್ತದೆ. ನೀರನ್ನು ಕಲಕಲು ಚಿಕ್ಕ ಪಂಪ್ ಇರಲಿ. ಕಾಯಿಲ್‌ನ ಕೆಳಗಿನ ನೀರು ತಣ್ಣಗೇ ಉಳಿಯುತ್ತದೆ, ಸೆನ್ಸರ್ ಅಲ್ಲಿದ್ದರೆ ಎಲ್ಲ ಲೆಕ್ಕವೂ ಕೆಡುತ್ತದೆ.

ಉಷ್ಣ_ಲ್ಯಾಬ್:
ಇಬ್ಬರಿಗೂ ಥ್ಯಾಂಕ್ಸ್. ರಿಲೇ ಸಪ್ಲೈ ಬೇರೆ ಮಾಡಿದ ಮೇಲೆ 85 ಕಾಣಲೇ ಇಲ್ಲ. ಆರಿಸುವ ಪರೀಕ್ಷೆಯಲ್ಲಿ ಒಂದು ಗಂಟೆಗೆ 60ರಿಂದ ಸುಮಾರು 46.5ಕ್ಕೆ ಇಳಿಯಿತು, ಕೋಣೆ 26. ಲೆಕ್ಕ ಹಾಕಿದರೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.9 ವ್ಯಾಟ್ ನಷ್ಟ. ಅಂದರೆ 60ರಲ್ಲಿ ಕಾಯಿಲ್ ಕೊಡುವ 1000 ವ್ಯಾಟ್‌ನಲ್ಲಿ 200ರ ಹತ್ತಿರ ಗಾಳಿಗೇ ಹೋಗುತ್ತಿತ್ತು! ಈ ಸಂಖ್ಯೆ ಹಾಕಿದ ಮೇಲೆ ಎರಡು ಗೆರೆಗಳ ಅಂತರ ಅರ್ಧ ಡಿಗ್ರಿಯೊಳಗೆ ಬಂದಿದೆ.

ಆದರೆ ಸ್ಕಾಡಾ ಪ್ರಶ್ನೆ ಹಾಗೇ ಉಳಿದಿದೆ.

ಕಂಟ್ರೋಲ್ ಮೇಷ್ಟ್ರು:
ಅರ್ಧ ಡಿಗ್ರಿ ಅಂದರೆ ಅಲ್ಲಿಗೆ ನಿಲ್ಲಿಸಿ. ಆ ಸೆನ್ಸರ್‌ನ ನಿಖರತೆಯೇ ಪ್ಲಸ್ ಅಥವಾ ಮೈನಸ್ 0.5 ಡಿಗ್ರಿ.

ಇನ್ನು ಸ್ಕಾಡಾ ಪ್ರಶ್ನೆ. ಮೈಕಲ್ ಗ್ರೀವ್ಸ್ 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಡಿಜಿಟಲ್ ಟ್ವಿನ್‌ನ ಕಲ್ಪನೆ ಮುಂದಿಟ್ಟಾಗಲೂ ಅದರಲ್ಲಿ ನಿಜವಾದ ವಸ್ತು, ಕಂಪ್ಯೂಟರಿನ ವಸ್ತು, ಎರಡರ ಮಧ್ಯೆ ಹೋಗಿಬರುವ ಡೇಟಾ, ಮೂರೂ ಇದ್ದವು. ಕ್ರಿಟ್ಜಿಂಗರ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2018ರಲ್ಲಿ ಮಾಡಿದ ವಿಂಗಡಣೆ ತರಗತಿಗೆ ಇನ್ನೂ ಅನುಕೂಲ. ಡೇಟಾವನ್ನು ಕೈಯಲ್ಲೇ ತುಂಬಿಸಿದರೆ ಡಿಜಿಟಲ್ ಮಾಡೆಲ್. ಪಾತ್ರೆಯಿಂದ ಕಂಪ್ಯೂಟರಿಗೆ ತಾನಾಗಿ ಬಂದರೆ ಡಿಜಿಟಲ್ ಶ್ಯಾಡೋ. ಎರಡೂ ಕಡೆಗೆ ತಾನಾಗಿ ಹರಿದರೆ ಮಾತ್ರ ಟ್ವಿನ್. ನಿಮ್ಮದು ಈಗ ಶ್ಯಾಡೋ.

ಸ್ಕಾಡಾದಲ್ಲೂ ವಾಪಸ್ ಆಜ್ಞೆ ಹೋಗುತ್ತದೆ, ಆ ಹುಡುಗಿ ಖಂಡಿತ ಕೇಳುತ್ತಾಳೆ. ವ್ಯತ್ಯಾಸ ಇರೋದು ಮಾಡೆಲ್‌ನಲ್ಲಿ. ಹೀಗೆ ಮಾಡಿ. ಒಂದು ಗುಂಪು ಟ್ವಿನ್ ಓಡಿಸಲಿ. ಇನ್ನೊಂದು ಗುಂಪಿನವರು ಅವರಿಗೆ ಹೇಳದೆ ಮುಚ್ಚಳ ತೆಗೆಯಲಿ. ಪಾತ್ರೆ ಕಾಣದ ಹಾಗೆ ಮಧ್ಯೆ ರಟ್ಟು ಇಡಿ. ಬರೀ ಸ್ಕಾಡಾ ಸ್ಕ್ರೀನಿನಲ್ಲಿ ನೀರು ಇನ್ನೂ ಬಿಸಿಯಾಗುತ್ತಲೇ ಇರುತ್ತದೆ, ಏನೂ ತಪ್ಪು ಕಾಣೋದಿಲ್ಲ. ಟ್ವಿನ್‌ನಲ್ಲಿ ಮಾಡೆಲ್ ಮತ್ತು ರೀಡಿಂಗ್‌ನ ಅಂತರ ಆ ಹೊತ್ತಿನಿಂದ ಬೆಳೆಯುತ್ತದೆ. ಕೊನೆಯ ಕೆಲವು ನಿಮಿಷಗಳ ಡೇಟಾದಿಂದ ನಷ್ಟದ ಸಂಖ್ಯೆಯನ್ನು ಪ್ರೋಗ್ರಾಮೇ ಮತ್ತೆ ಲೆಕ್ಕ ಹಾಕಲಿ. 60 ಮುಟ್ಟೋದು ಯಾವಾಗ ಅಂತ ಹೊಸದಾಗಿ ಹೇಳಲಿ, ರಿಲೇಯನ್ನು ಅದೇ ಆಫ್ ಮಾಡಲಿ.

ಮಾರ್ಕ್ಸ್ ಅನ್ನು ಆ ಅಂತರದ ಗ್ರಾಫಿಗೆ, ಅದನ್ನು ಓದಿ ವಿವರಿಸೋದಕ್ಕೆ ಕೊಡಿ. ಪಾತ್ರೆಯ 3ಡಿ ಚಿತ್ರ ಚೆನ್ನಾಗಿ ತಿರುಗುತ್ತದೆ ಅಂತ ಮಾರ್ಕ್ಸ್ ಕೊಡೋದು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ವಾರಗಟ್ಟಲೆ ಕೂತು, ಮಾಡೆಲ್ ಮುಟ್ಟದೇ ಬಿಡುತ್ತಾರೆ ಮಕ್ಕಳು.

ಉಷ್ಣ_ಲ್ಯಾಬ್:
ಮುಚ್ಚಳದ ಪ್ರಯೋಗ ಮುಂದಿನ ಲ್ಯಾಬಿಗೇ ಇಡುತ್ತೇನೆ ಸರ್. ಪ್ರಶ್ನೆ ಕೇಳಿದವಳನ್ನೇ ರಟ್ಟಿನ ಈಚೆ ಕೂರಿಸುತ್ತೇನೆ.

ಸೋಲ್ಡರ್ ಸಿದ್ದ:
ರಿಲೇಯನ್ನು ಪ್ರೋಗ್ರಾಂ ಕೈಗೆ ಕೊಡೋ ಮುಂಚೆ ಒಂದು ಮಾತು ಮೇಡಂ. ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೋಡ್ ಎಷ್ಟು ಸಲ ಆಫ್ ಅಂದರೂ ಕಾಯಿಲ್ ಉರಿಯುತ್ತಲೇ ಇರುತ್ತದೆ. ಅದಕ್ಕೇ ಬೋರ್ಡಿಗೆ ಸಂಬಂಧವೇ ಇಲ್ಲದ ಒಂದು ಥರ್ಮೋಸ್ಟಾಟ್ ಕಟ್-ಔಟ್ ಅನ್ನು ಕಾಯಿಲ್ ಲೈನಿನಲ್ಲೇ ಹಾಕಿ. ಸ್ಟೀಲ್ ಪಾತ್ರೆಗೆ ಅರ್ಥಿಂಗ್ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಮುಚ್ಚಳ ತೆಗೆಯೋ ಹುಡುಗರು ಉದ್ದ ಹಿಡಿಯಿಂದಲೇ ತೆಗೆಯಲಿ, ನೀರಿಗೆ ಕೈ ಹಾಕಬಾರದು.