ದುಬೈಗೆ ಬರುವ ತಂಗಿಗೆ: ಅಲ್ ಸೀಫಾ, ಅಲ್ ಕೂಜಾ?

ಮನೆಯವರ ಗ್ರೂಪ್‌ನಲ್ಲಿ ನೀನು ಹಾಕಿದ ಮೆಸೇಜ್ ಈಗ ನೋಡಿದೆ ಕಣೇ. ಡಿಸೆಂಬರ್ ರಜೆಗೆ ಮಕ್ಕಳನ್ನೂ ಅಮ್ಮನನ್ನೂ ಕರೆದುಕೊಂಡು ಬರುತ್ತಿದ್ದೀರಿ, ಒಂದು ದಿನ ಕಣ್ಕಟ್ಟಿನ ಮ್ಯೂಸಿಯಂಗೆ ಅಂತ ಇಟ್ಟುಕೊಂಡಿದ್ದೀರಿ. ಅಲ್ ಸೀಫ್‌ನಲ್ಲಿರುವ ಮ್ಯೂಸಿಯಂ ಆಫ್ ಇಲ್ಯೂಷನ್ಸ್‌ಗೆ ಹೋಗುವುದಾ, ಅಲ್ ಕೂಜ್‌ನ ತ್ರೀಡಿ ವರ್ಲ್ಡ್ ಸೆಲ್ಫಿ ಮ್ಯೂಸಿಯಂಗೆ ಹೋಗುವುದಾ ಅಂತ ಕೇಳಿದ್ದೀಯ. ಎರಡೂ ನೋಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳು.

ಒಂದೇ ಆರಿಸಬೇಕು ಅಂದರೆ ಅಲ್ ಸೀಫ್. ಪುಟ್ಟಿಗೆ ಕಂಡದ್ದಕ್ಕೆಲ್ಲಾ "ಅದು ಹೇಗೆ?" ಅನ್ನುವ ಅಭ್ಯಾಸ ಇದೆಯಲ್ಲ, ಆ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿ.

ಯಾಕೆ ಅಂತ ಹೇಳುತ್ತೇನೆ. ಅಲ್ ಕೂಜ್‌ನಲ್ಲಿ ಇರುವುದು ಬಹುಪಾಲು ಚಿತ್ರಗಳು. ಗೋಡೆಯಿಂದ ಶುರುವಾಗಿ ನೆಲದವರೆಗೆ ಇಳಿದು ಬಂದಿರುವ ದೊಡ್ಡ ದೊಡ್ಡ ಚಿತ್ರಗಳು. ಒಬ್ಬರು ಚಿತ್ರದ ಒಳಗೆ ನಿಲ್ಲಬೇಕು, ಇನ್ನೊಬ್ಬರು ಸರಿಯಾದ ಜಾಗದಲ್ಲಿ ನಿಂತು ಫೋಟೊ ತೆಗೆಯಬೇಕು. ಫೋಟೊದಲ್ಲಿ ನೋಡಿದರೆ ನಿಜವಾಗಿ ಪ್ರಪಾತದ ಅಂಚಿನಲ್ಲಿ ನಿಂತ ಹಾಗೇ ಕಾಣುತ್ತದೆ. ಬರಿಗಣ್ಣಿಗೆ ಮಾತ್ರ ಅದು ಗೋಡೆಯ ಮೇಲಿನ ಬಣ್ಣವೇ. ಕಾರಣ ಸುಲಭ. ನಮಗೆ ಎರಡು ಕಣ್ಣು, ಒಂದೊಂದಕ್ಕೂ ನೋಟ ಸ್ವಲ್ಪ ಬೇರೆ. ಎರಡನ್ನೂ ಸೇರಿಸಿದಾಗ ಗೋಡೆ ಚಪ್ಪಟೆ ಅಂತ ಮಿದುಳಿಗೆ ಗೊತ್ತಾಗಿಬಿಡುತ್ತದೆ. ಕ್ಯಾಮೆರಾಗೆ ಒಂದೇ ಕಣ್ಣು, ಅದಕ್ಕೇ ಅದು ಮೋಸ ಹೋಗುತ್ತದೆ. ಪುಟ್ಟಿಗೆ ಒಂದು ಕಣ್ಣು ಮುಚ್ಚಿಕೊಂಡು ಫೋಟೊ ತೆಗೆಯುವ ಜಾಗದಿಂದಲೇ ನೋಡು ಅಂತ ಹೇಳು, ಚಿತ್ರ ಮೇಲೆದ್ದು ಬಂದ ಹಾಗೆ ಕಾಣುತ್ತದೆ.

ಈ ವಿದ್ಯೆ ಹಳೆಯದು. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ 'ದಿ ಅಂಬಾಸಡರ್ಸ್' ಅನ್ನುವ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಬ್ಬರು ದೊಡ್ಡ ಮನುಷ್ಯರು ನಿಂತಿದ್ದಾರೆ, ಅವರ ಕಾಲ ಬಳಿ ಏನೋ ಉದ್ದಕ್ಕೆ ಎಳೆದ ಹಾಗೆ ಬಿದ್ದಿದೆ. ಎದುರಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಚಿತ್ರದ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ತಲೆಬುರುಡೆ! ಅಲ್ ಕೂಜ್‌ನ ಚಿತ್ರಗಳೂ ಅದೇ ವಂಶದವು.

ಹಾಗಾದರೆ ಅಲ್ ಸೀಫ್‌ನಲ್ಲಿ ಏನು ವಿಶೇಷ? ಅಲ್ಲಿ ಗುಟ್ಟು ಗೊತ್ತಿದ್ದರೂ ಕಣ್ಣು ಮೋಸ ಹೋಗುತ್ತದೆ, ಕ್ಯಾಮೆರಾ ಬೇಕಾಗಿಲ್ಲ. ಏಮ್ಸ್ ರೂಮ್ ಅಂತ ಒಂದಿದೆ. ಅಡೆಲ್ಬರ್ಟ್ ಏಮ್ಸ್ ಅನ್ನುವ ಅಮೆರಿಕದ ವಿಜ್ಞಾನಿಯ ಹೆಸರು ಅದಕ್ಕೆ. ಎದುರಿನಿಂದ ನೋಡಿದರೆ ಸಾಮಾನ್ಯ ಚೌಕದ ಕೋಣೆ. ನಿಜದಲ್ಲಿ ಒಂದು ಮೂಲೆ ಹತ್ತಿರ, ಇನ್ನೊಂದು ಮೂಲೆ ಬಹಳ ದೂರ. ನೆಲ ಇಳಿಜಾರು, ಕಿಟಕಿಗಳೂ ಓರೆ. ಚಿಕ್ಕುನನ್ನು ಹತ್ತಿರದ ಮೂಲೆಯಲ್ಲಿ ನಿಲ್ಲಿಸಿ ಅವನ ಅಪ್ಪನನ್ನು ದೂರದ ಮೂಲೆಗೆ ಕಳಿಸು. ಯುಕೆಜಿ ಹುಡುಗ ರಾಕ್ಷಸ, ಅಪ್ಪ ಗೊಂಬೆ. ಇಬ್ಬರೂ ಜಾಗ ಬದಲಾಯಿಸಲಿ, ನಡೆಯುತ್ತಾ ನಡೆಯುತ್ತಾ ಒಬ್ಬರು ಬೆಳೆಯುತ್ತಾರೆ, ಒಬ್ಬರು ಕುಗ್ಗುತ್ತಾರೆ. ಕೋಣೆ ಎಲ್ಲಾ ಕೋಣೆಯ ಹಾಗೇ ಇರಬೇಕು ಅಂತ ಮಿದುಳು ಹಟ ಹಿಡಿಯುತ್ತದೆ, ಹಾಗಾಗಿ ಮನುಷ್ಯರನ್ನೇ ಚಿಕ್ಕವರು ದೊಡ್ಡವರು ಮಾಡಿಬಿಡುತ್ತದೆ. ಇದನ್ನು ನೋಡಿದ ಮೇಲೆ ಮಕ್ಕಳನ್ನು ಕೋಣೆಯ ಒಳಗೆ ನಿಧಾನವಾಗಿ ಓಡಾಡಿಸು. ಇಳಿಜಾರು ಕಾಲಿಗೇ ಗೊತ್ತಾಗುತ್ತದೆ. ಮತ್ತೆ ಹೊರಗೆ ಬಂದು ನೋಡಿದರೂ ಕಣ್ಣು ಒಪ್ಪುವುದಿಲ್ಲ. ನನಗೆ ತುಂಬಾ ಇಷ್ಟವಾಗುವುದು ಇದೇ. ಅಲ್ಲಿ ಬೇಗ ಬೇಗ ಫೋಟೊ ತೆಗೆದು ಮುಂದೆ ಓಡಬೇಡಿ.

ಕ್ಲೋನ್ ಟೇಬಲ್ ಅನ್ನುವುದು ಪುಟ್ಟಿಗೆ ಒಳ್ಳೆಯ ಲೆಕ್ಕ. ಎರಡು ಕನ್ನಡಿಗಳನ್ನು ಕೋನ ಮಾಡಿ ನಿಲ್ಲಿಸಿರುತ್ತಾರೆ, ಮುಂದೆ ಕೂತರೆ ಮೇಜಿನ ಸುತ್ತ ನಾವೇ ಹಲವರಾಗಿ ಕೂತಿರುವುದು ಕಾಣುತ್ತದೆ. 360ನ್ನು ಕನ್ನಡಿಗಳ ನಡುವಿನ ಕೋನದಿಂದ ಭಾಗಿಸಿ ಒಂದು ಕಳೆದರೆ ಎಷ್ಟು ಬಿಂಬ ಅಂತ ಸಿಗುತ್ತದೆ. 60 ಡಿಗ್ರಿ ಆದರೆ 5, 72 ಡಿಗ್ರಿ ಆದರೆ 4. ಎರಡು ಚಿಕ್ಕ ಕನ್ನಡಿ ತಂದು ಮನೆಯಲ್ಲೇ ಮಾಡಿಸು, ಬರುವ ಮುಂಚೆಯೇ. ತಟ್ಟೆಯ ಮೇಲೆ ತಲೆ ಮಾತ್ರ ಇರುವ ಮೇಜೂ ಕನ್ನಡಿಯ ಆಟವೇ. ಮೇಜಿನ ಕೆಳಗೆ ಓರೆಯಾಗಿ ನಿಲ್ಲಿಸಿದ ಕನ್ನಡಿ ಪಕ್ಕದ ಗೋಡೆಯನ್ನು ತೋರಿಸುತ್ತದೆ, ನಾವು ಕೆಳಗೆ ಖಾಲಿ ಅಂದುಕೊಳ್ಳುತ್ತೇವೆ. 1865ರಲ್ಲಿ ಲಂಡನ್ನಿನಲ್ಲಿ ಸ್ಟೋಡೇರ್ ಅನ್ನುವ ಜಾದೂಗಾರ ಇದೇ ಉಪಾಯದಿಂದ ಮಾತಾಡುವ ತಲೆಯೊಂದನ್ನು ತೋರಿಸಿ ಜನರನ್ನು ಬೆರಗುಗೊಳಿಸಿದ್ದ.

ಕೂತವರು ಗೊಂಬೆಯಷ್ಟಾಗಿ ಕಾಣುವ ಬ್ಯೂಶೆ ಕುರ್ಚಿ, ತಲೆಕೆಳಗಾದ ಕೋಣೆ, ಎತ್ತ ನೋಡಿದರೂ ಮುಗಿಯದ ಕನ್ನಡಿ ಕೋಣೆ, ಹೀಗೆ ಇನ್ನೂ ಇವೆ. ಎಲ್ಲವನ್ನೂ ಈಗಲೇ ಹೇಳಿದರೆ ಮಜಾ ಹೋಗುತ್ತದೆ.

ಆದರೆ ಒಂದನ್ನು ಹೇಳಲೇಬೇಕು, ಅಮ್ಮನ ವಿಷಯ. ವೋರ್ಟೆಕ್ಸ್ ಟನಲ್ ಅಂತ ಇದೆ. ಒಂದು ಚಿಕ್ಕ ಸೇತುವೆ, ಅದರ ಸುತ್ತ ದೊಡ್ಡ ಉರುಳೆ ತಿರುಗುತ್ತಿರುತ್ತದೆ. ಸೇತುವೆ ಅಲುಗಾಡುವುದೇ ಇಲ್ಲ. ಆದರೂ ಒಂದು ಕಡೆಗೆ ವಾಲಿ ಬೀಳುತ್ತೇವೆ ಅನ್ನಿಸುತ್ತದೆ, ಗಟ್ಟಿಮುಟ್ಟಾದವರೂ ಕಂಬಿ ಹಿಡಿದುಕೊಳ್ಳುತ್ತಾರೆ. ಲೋಕವೇ ತಿರುಗುತ್ತಿದೆ ಅಂತ ಕಣ್ಣು ಹೇಳುತ್ತದೆ, ಸುಮ್ಮನೆ ನಿಂತಿದ್ದೀಯ ಅಂತ ಕಿವಿಯ ಒಳಗಿನ ಸಮತೋಲನದ ಅಂಗ ಹೇಳುತ್ತದೆ. ದೇಹಕ್ಕೆ ಯಾರನ್ನು ನಂಬಬೇಕೋ ತಿಳಿಯುವುದಿಲ್ಲ. ಕಣ್ಣು ಮುಚ್ಚಿದರೆ ವಾಲುವುದು ನಿಲ್ಲುತ್ತದೆ. ಆದರೂ ಅಮ್ಮನಿಗೆ ಮೊದಲೇ ತಲೆಸುತ್ತು, ಬಿಪಿ ಮಾತ್ರೆ ಬೇರೆ. ಅಮ್ಮ ಅದರೊಳಗೆ ಹೋಗುವುದು ಬೇಡ, ಯಾರು ಒತ್ತಾಯ ಮಾಡಿದರೂ. ವಾಲಿಸಿ ಕಟ್ಟಿದ ಓರೆ ಕೋಣೆಯೂ ಒಂದಿದೆ, ಅಲ್ಲಿ ಒಬ್ಬರು ಅಮ್ಮನ ಕೈ ಹಿಡಿದಿರಬೇಕು. ಗೋಡೆಯ ಮೇಲೆ ನೇತುಹಾಕಿರುವ ಚಿತ್ರಗಳನ್ನು ಅಮ್ಮ ಆರಾಮಾಗಿ ನೋಡಬಹುದು. ಒಂದೇ ಉದ್ದದ ಎರಡು ಗೆರೆ, ತುದಿಯ ಬಾಣ ಒಳಗೆ ಹೊರಗೆ ಆದ ಮಾತ್ರಕ್ಕೆ ಒಂದು ಉದ್ದ ಒಂದು ಗಿಡ್ಡ ಕಾಣುತ್ತದಲ್ಲ, ಮ್ಯುಲ್ಲರ್-ಲೈಯರ್ ಅನ್ನುವ ಜರ್ಮನ್ ವಿದ್ವಾಂಸ 1889ರಲ್ಲಿ ತೋರಿಸಿದ್ದು, ಅಂಥವು. ದಿನಾ ರಂಗೋಲಿ ಹಾಕುವ ಕೈ ಅದು, ಗೆರೆಗಳ ವಿಷಯದಲ್ಲಿ ಅಮ್ಮ ಮಕ್ಕಳಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತಾರೆ ನೋಡು.

ಅಲ್ ಸೀಫ್‌ನ ಮ್ಯೂಸಿಯಂ ಚಿಕ್ಕದು, ಇದು ಗೊತ್ತಿರಲಿ. ನಿಧಾನವಾಗಿ ನೋಡಿದರೂ ಒಂದೂವರೆ ಗಂಟೆ. ಅದೊಂದಕ್ಕೇ ಇಡೀ ದಿನ ಇಟ್ಟುಕೊಂಡರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಬಾಗಿಲು ದಾಟಿ ಹೊರಗೆ ಬಂದರೆ ದುಬೈ ಕ್ರೀಕ್, ಅಂದರೆ ಊರೊಳಗೆ ಚಾಚಿ ಬಂದ ಸಮುದ್ರದ ನೀರು ಇದೆ. ದಂಡೆಯಲ್ಲಿ ನಡೆಯಬಹುದು, ಹಳೆಯ ಅಲ್ ಫಹಿದಿ ಬೀದಿಗಳು ಹತ್ತಿರ, ಅಲ್ಲಿಂದ ಮುಂದೆ ಅಬ್ರಾ ಅನ್ನುವ ಮರದ ದೋಣಿಯಲ್ಲಿ ದೇರಾ ಕಡೆಗೆ ದಾಟಬಹುದು. ಊಟಕ್ಕೆ ಕರಾಮಾಕ್ಕೆ ಬನ್ನಿ, ದೋಸೆ ಸಿಗುತ್ತದೆ, ಅಮ್ಮನಿಗೆ ಅನ್ನ ಸಾರೂ ಸಿಗುತ್ತದೆ. ಅಲ್ ಕೂಜ್ ಗೋದಾಮುಗಳ ಏರಿಯಾ, ಕಾರಿಲ್ಲದೆ ಕಷ್ಟ. ಅಮ್ಮನನ್ನು ಕರೆದುಕೊಂಡು ಅಲ್ಲಿ ನಡೆಯುವ ಮಾತೇ ಇಲ್ಲ.

ಹಾಗಂತ ಅಲ್ ಕೂಜ್ ಬೇಡವೇ ಬೇಡ ಅಂತಲ್ಲ. ಚಿಕ್ಕಮ್ಮ, ನಿಮ್ಮ ಕಾಲೇಜು ಹುಡುಗಿಯರು ಫ್ರೆಂಡ್ಸ್ ಜೊತೆ ಬಂದರೆ ಅವರಿಗೆ ಅದೇ ಸರಿ. ಜಾಗ ದೊಡ್ಡದು, ಗುಂಪಾಗಿ ನಾಟಕ ಆಡಿದ ಹಾಗೆ ಫೋಟೊ ತೆಗೆಯಬಹುದು. ನಾಚಿಕೆ ಬಿಟ್ಟು ಕಿರುಚುವ ಮುಖ, ಬೀಳುವ ಭಂಗಿ ಎಲ್ಲಾ ಮಾಡಿದರೆ ಮಾತ್ರ ಚೆನ್ನಾಗಿ ಬರುತ್ತದೆ. ಸಾಕ್ಸ್ ಹಾಕಿಕೊಂಡು ಹೋಗಲಿ, ನೆಲದ ಮೇಲೂ ಚಿತ್ರ ಇರುವುದರಿಂದ ಇಂಥ ಕಡೆ ಚಪ್ಪಲಿ ಬಿಡಬೇಕಾಗಬಹುದು.

ದೆಹಲಿಯ ದೊಡ್ಡಪ್ಪನ ಮನೆಯವರಿಗೂ ಒಂದು ಮಾತು. ಮ್ಯೂಸಿಯಂ ಆಫ್ ಇಲ್ಯೂಷನ್ಸ್ 2015ರಲ್ಲಿ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಶುರುವಾದದ್ದು, ಈಗ ಊರೂರಲ್ಲಿ ಇದೆ, ನಿಮ್ಮ ಕನಾಟ್ ಪ್ಲೇಸ್‌ನಲ್ಲೂ ಇದೆ. ಅಲ್ಲಿ ನೋಡಿದವರಿಗೆ ದುಬೈಯದು ಬಹುಪಾಲು ಅದೇ ಆಗುತ್ತದೆ, ದುಡ್ಡು ಉಳಿಸಿ. ಬೆಂಗಳೂರಿನವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಫನ್ ಸೈನ್ಸ್ ಗ್ಯಾಲರಿಗೆ ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ. ಮುಟ್ಟಿ, ತಿರುಗಿಸಿ, ಆಡಿ ಕಲಿಯುವುದು ಎಷ್ಟೊಂದು ಇದೆ! 1962ರಿಂದ ಇರುವ ಮ್ಯೂಸಿಯಂ ಅದು, ನಮ್ಮೂರಲ್ಲೇ ಇದೆ ಅಂತ ನಾವೇ ಮರೆತುಬಿಡುತ್ತೇವೆ.

ಇನ್ನು ದಿನದ ಮಾತು. ಇಲ್ಲಿ ದುಬೈಯಲ್ಲಿ 2022ರಿಂದ ಶನಿವಾರ ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಅದಕ್ಕೇ ಸೋಮವಾರದಿಂದ ಗುರುವಾರದ ಒಳಗೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗೋಣ. ಜನ ಜಾಸ್ತಿ ಇದ್ದರೆ ಏಮ್ಸ್ ರೂಮ್‌ನಲ್ಲಿ ನಿಲ್ಲುವುದಕ್ಕೂ ಸಾಲು, ಮಕ್ಕಳಿಗೆ ಎರಡನೇ ಸಲ ನೋಡಲು ಬಿಡುವುದಿಲ್ಲ. ಫ್ಲೈಟ್ ಟಿಕೆಟ್ ಆದ ತಕ್ಷಣ ತಾರೀಖು ಹಾಕು, ನಾನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡುತ್ತೇನೆ. ಟನಲ್ ವಿಷಯ ಅಮ್ಮನಿಗೆ ನೀನು ಹೇಳಬೇಡ, ಹೇಳಿದರೆ ಹೋಗಿಯೇ ತೀರುತ್ತೇನೆ ಅನ್ನುತ್ತಾರೆ. ನಾನೇ ಫೋನ್ ಮಾಡಿ ಮಾತಾಡುತ್ತೇನೆ.