ಶಾಲೆ ಹತ್ತಿರದ ಅಂಗಡಿಯಲ್ಲಿ ಸಿಗರೇಟು ಇಡಬಹುದಾ? ಅನುಭವ ಇದ್ದವರು ಹೇಳಿ

ಕುವೆಂಪುನಗರದ ಹೊಸಬ: ಮಾವನ ಮಳಿಗೆ ಖಾಲಿಯಾಗಿದೆ. ಟೀ, ಬೀಡಾ, ಸಿಗರೇಟು ಇಡೋಣ ಅಂತಿದ್ದೇನೆ. ಹೈಸ್ಕೂಲ್ ಗೇಟಿಗೆ 150 ಹೆಜ್ಜೆ. ತೊಂದರೆ ಆಗುತ್ತಾ?

ಮಂಡಿ ಮೊಹಲ್ಲಾ: ಹೆಜ್ಜೆ ಲೆಕ್ಕ ಬಿಟ್ಟುಬಿಡಿ ಸಾರ್. ಹಾಗೆ ಎಣಿಸಿಯೇ ನಾನು ಹಾಳಾಗಿದ್ದು. ಅಡ್ವಾನ್ಸ್ 1,20,000. ಗಾಜಿನ ಕೌಂಟರ್ 23,500. ಶಟರ್ ರಿಪೇರಿ 4,200, ವೆಲ್ಡಿಂಗ್‌ನವನು ಎರಡು ಸಲ ಬಂದೆ ಅಂತ ಮೇಲೆ 600. ನಾನು ರಸ್ತೆ ಹಿಡಿದು ಗೇಟಿನವರೆಗೆ ಟೇಪ್ ಎಳೆದಿದ್ದೆ, 128 ಮೀಟರ್. ತಪಾಸಣೆಗೆ ಬಂದವರು ಶಾಲೆಯ ಹಿಂದಿನ ಕಾಂಪೌಂಡ್‌ನಿಂದ ನೇರ ಗೆರೆ ಹಿಡಿದರು. 70 ಕೂಡ ಇಲ್ಲ, 100 ಗಜದೊಳಗೆ ಮಾರುವಂತಿರಲಿಲ್ಲ! ನಿಯಮ ಇರುವುದೇ ಹಾಗಂತೆ, ಹೊರಗೋಡೆಯಿಂದ ನೇರ ಅಳತೆ. ಮಧ್ಯೆ ಮನೆ ಇರಲಿ, ಮೋರಿ ಇರಲಿ, ಲೆಕ್ಕಕ್ಕಿಲ್ಲ. ಆಗ ದಂಡ 200 ರೂಪಾಯಿ, ಅದಕ್ಕೆ ಅಳಲಿಲ್ಲ. ಅಡ್ವಾನ್ಸ್‌ನಲ್ಲಿ ಮಾಲೀಕರು 40,000 ಮುರಿದುಕೊಂಡರಲ್ಲ, ಅದು ಇವತ್ತಿಗೂ ಉರಿಯುತ್ತದೆ. ಕೌಂಟರ್ ಈಗ ಮನೆಯ ಹಾಲ್‌ನಲ್ಲಿದೆ. ಹೆಂಡತಿ ಅದರಲ್ಲಿ ದಸರಾ ಬೊಂಬೆ ಕೂರಿಸುತ್ತಾಳೆ.

ಮಂಡ್ಯ ಎಲೆ ಅಡಿಕೆ: ನಾನು ಮೊದಲ ದಿನದಿಂದ ಹೊಗೆಸೊಪ್ಪು ಮುಟ್ಟಿಲ್ಲ. ಎಲೆ, ಅಡಿಕೆ, ಸುಣ್ಣ, ಗುಲ್ಕನ್. ಬೀಡಾಕ್ಕೆ ಮೈಸೂರು ಚಿಗುರೆಲೆಯೇ ಆಗಬೇಕು. ಮೊದಲ ಆರು ತಿಂಗಳು ದಿನಕ್ಕೆ 300 ಕೂಡ ಉಳಿಯಲಿಲ್ಲ, ಬೇಸಿಗೆಯಲ್ಲಿ ಕಟ್ಟುಗಟ್ಟಲೆ ಎಲೆ ಬಾಡಿಹೋಯಿತು. ಆದರೂ ರಾತ್ರಿ ನಿದ್ದೆ ಬರುತ್ತದೆ. ಶಾಲೆ ಮಕ್ಕಳ ಮುಂದೆ ಸಿಗರೇಟು ಇಟ್ಟವರು ನಷ್ಟ ಅಂತ ಅಳಬಾರದು.

ಮಂಡಿ ಮೊಹಲ್ಲಾ: ಯಾವ ಮಗುವಿಗೆ ಕೊಟ್ಟೆ ನಾನು? ನೋಡಿದ್ರಾ? ಸ್ವಂತ ಕಟ್ಟಡದಲ್ಲಿ ಕೂತವರಿಗೆ ಉಪದೇಶ ಸುಲಭ. ನಾನು ಕಟ್ಟುತ್ತಿದ್ದ ಬಾಡಿಗೆ ತಿಂಗಳಿಗೆ 8,500.

ಮಂಡ್ಯ ಎಲೆ ಅಡಿಕೆ: ಸ್ವಂತ ಕಟ್ಟಡ ಅಂತ ಯಾರು ಹೇಳಿದ್ದು? ನನ್ನದು ತಗಡಿನ ಶೀಟು!

ಹುಣಸೂರು ಬೇಸಾಯ: ನಿಮ್ಮಿಬ್ಬರ ಜಗಳ ಚೆನ್ನಾಗಿದೆ. ನಮ್ಮ ಕಡೆ ತಂಬಾಕು ಮಂಡಳಿಯೇ ಲೈಸೆನ್ಸ್ ಕೊಟ್ಟು ಬೆಳೆಸುತ್ತದೆ, ಹರಾಜನ್ನೂ ನಡೆಸುತ್ತದೆ. ಹೋದ ವರ್ಷ ಬ್ಯಾರನ್, ಅಂದರೆ ಹೊಗೆಸೊಪ್ಪು ಹದಮಾಡುವ ಮನೆ, ಅದರ ರಿಪೇರಿಗೆ 65,000 ಸುರಿದೆ. ಸೌದೆ ಬೇರೆ. ಬೆಳೆಯುವುದಕ್ಕೆ ಮಂಡಳಿ, ಮಾರಿದರೆ ದಂಡ. ಇದೆಂಥ ನ್ಯಾಯ?

ಮಂಡ್ಯ ಎಲೆ ಅಡಿಕೆ: ಹಾಗಾದರೆ ಭತ್ತ ಹಾಕಿ.

ಹುಣಸೂರು ಬೇಸಾಯ: ನೀರು ನೀವು ಕೊಡ್ತೀರಾ? ನಾಲೆ ಪಕ್ಕದಲ್ಲಿ ಹುಟ್ಟಿದವರ ಮಾತು ಇದು.

ಸರಸ್ವತಿಪುರಂ ಕಿರಾಣಿ: ನಾಲೆ ಬಿಡಿ, ವಿಷಯಕ್ಕೆ ಬನ್ನಿ. 2003ರ ತಂಬಾಕು ನಿಯಂತ್ರಣ ಕಾಯ್ದೆ ಕೋಟ್ಪಾದಲ್ಲಿ ಇದ್ದದ್ದು ಶಾಲೆಯಿಂದ 100 ಗಜ, ಅಂದರೆ 91 ಮೀಟರ್ ಚಿಲ್ಲರೆ. ರಾಜ್ಯದ ತಿದ್ದುಪಡಿಯಲ್ಲಿ ಅದು 100 ಮೀಟರ್. 2025ರ ಮೇ ಕೊನೆಯಲ್ಲಿ ಜಾರಿಗೆ ಬಂತು. ಕೊಳ್ಳುವವರಿಗೆ ಕನಿಷ್ಠ 18 ಇದ್ದ ವಯಸ್ಸು 21 ಆಯಿತು, ದಂಡ 1,000ದವರೆಗೆ. ಬಿಡಿ ಸಿಗರೇಟು ಮಾರುವಂತಿಲ್ಲ, ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಒಂದು ಟೀ, ಒಂದು ಸಿಗರೇಟಿನವರು. ಪ್ಯಾಕ್ ತಗೊಳ್ಳಿ ಅಂದರೆ ಟೀ ಕೂಡ ಬಿಟ್ಟು ಹೋಗುತ್ತಾರೆ. ಎಚ್ಚರಿಕೆ ಬೋರ್ಡ್ ಎರಡು ಸಲ ಬರೆಸಿದೆ, ಮೊದಲನೆಯದು ಅಳತೆಗೆ ಚಿಕ್ಕದಾಗಿತ್ತು. ಕನಿಷ್ಠ 60ಕ್ಕೆ 30 ಸೆಂಟಿಮೀಟರ್ ಇರಬೇಕು. 900 ರೂಪಾಯಿ ದಂಡ. ಕಾನೂನಿನ ದಂಡ ಅಲ್ಲ, ಪೇಂಟರ್‌ಗೆ ತೆತ್ತ ದಂಡ.

ಮಂಡಿ ಮೊಹಲ್ಲಾ: ಬಿಡಿ ಸಿಗರೇಟು ಮಾರುವುದನ್ನು ಯಾರು ಬಿಟ್ಟಿದ್ದಾರೆ? ಸುಮ್ನೆ ಹೇಳಬೇಡಿ.

ಸರಸ್ವತಿಪುರಂ ಕಿರಾಣಿ: ನಾನು ಬಿಟ್ಟಿದ್ದೇನೆ. ನಂಬದಿದ್ದರೆ ಬಂದು ಕೇಳಿ, ಬೈಸಿಕೊಂಡು ಹೋಗಿ.

ಕುವೆಂಪುನಗರದ ಹೊಸಬ: ಅಣ್ಣಂದಿರಾ, ನನ್ನ ಅಂಗಡಿ? ಹೈಸ್ಕೂಲ್ ಅಲ್ಲದೆ ಮೇಲ್ಗಡೆ ಟ್ಯೂಷನ್ ಸೆಂಟರ್ ಕೂಡ ಇದೆ, ಅದೂ ಲೆಕ್ಕಕ್ಕೆ ಬರುತ್ತಾ?

ಸರಸ್ವತಿಪುರಂ ಕಿರಾಣಿ: ನಿಯಮ ಹೇಳುವುದು ಮಾನ್ಯತೆ ಇರುವ ಶಾಲೆ ಕಾಲೇಜಿನ ಬಗ್ಗೆ. ಮೊದಲು ಹೈಸ್ಕೂಲ್ ಗೋಡೆ ಅಳೆಯಿರಿ, ಗೇಟಲ್ಲ. ಒಳಗೆ ಬಿದ್ದರೆ ಟ್ರೇಡ್ ಲೈಸೆನ್ಸ್ ಅರ್ಜಿಯಲ್ಲಿ ಟೀ ಅಂಗಡಿ ಅಂತ ಮಾತ್ರ ಹಾಕಿ, ಸಿಗರೇಟು ಮರೆತುಬಿಡಿ.

ಮಂಡ್ಯ ಎಲೆ ಅಡಿಕೆ: ಟ್ಯೂಷನ್ ಮಕ್ಕಳು ಮಕ್ಕಳಲ್ವಾ?

ಹುಣಸೂರು ಬೇಸಾಯ: ಶುರುವಾಯಿತು ಮತ್ತೆ.

ಕುವೆಂಪುನಗರದ ಹೊಸಬ: ಅಳೆದೆ. 83 ಮೀಟರ್. ಮಂಡಿ ಮೊಹಲ್ಲಾ ಅಣ್ಣ, ಆ ಗಾಜಿನ ಕೌಂಟರ್ ಕೊಡ್ತೀರಾ? ಬನ್ನು, ಬಿಸ್ಕತ್ತು ಇಡುವುದಕ್ಕೆ.

ಮಂಡಿ ಮೊಹಲ್ಲಾ: 15,000. ಆದರೆ ದಸರಾ ಮುಗಿಯಲಿ, ಮನೆಯಲ್ಲಿ ಕೇಳಬೇಕು.